ಮೇಸ್ತ್ರಿಯ ಕೊನೆಯ ಸುತ್ತು

ಪೌಡರ್ ಡಬ್ಬಿಯ ತಳಕ್ಕೆ ಎರಡು ಏಟು ಕೊಟ್ಟಾಗ ಬಿಳಿ ಪುಡಿ ಭುಸ್ಸೆಂದು ಎದ್ದು ಎಂಜಿನ್ನಿನ ಬಲಗಡೆಯ ಕವರಿನ ಮೇಲೆ ತೆಳ್ಳಗೆ ಕೂತಿತು. ಮುಂದಿನ ಎರಡು ಬೋಲ್ಟುಗಳ ನಡುವೆ ಮಾತ್ರ ಒಂದಿಷ್ಟು ಜಾಗ ಬೋಳಾಗಿ ಉಳಿದಿತ್ತು. ಅವಳು ಚಿಟಿಕೆ ಪುಡಿ ತೆಗೆದು, ಎಳೆಮಗುವಿನ ಕತ್ತಿನ ಸಂದಿಗೆ ಹಚ್ಚುವ ಹಾಗೆ ಅಲ್ಲಿಗೂ ಉದುರಿಸಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ನೆಟ್ಟಗಾಗಿ ಕಿಕ್ ಒದ್ದಳು. ಎರಡನೇ ಒದೆತಕ್ಕೆ ಗಾಡಿ ಗುಡುಗುಡು ಎಂದಿತು.

ಇನ್ನು ಕಾಲು ಗಂಟೆ ಕಾಯಬೇಕು. ಬೆಳಗ್ಗೆಯೇ ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಎಂಜಿನ್ನಿನ ಮೂಲೆಮೂಲೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿಟ್ಟಿದ್ದಳು. ಎಣ್ಣೆ ಸೋರುವ ಗಾಡಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರುತ್ತಿದೆ ಅಂದುಕೊಳ್ಳುವುದು. ಎಣ್ಣೆ ಅಷ್ಟು ನೆಟ್ಟಗಿನದಲ್ಲ. ಮೇಲೆಲ್ಲೋ ಜಿನುಗುತ್ತದೆ, ಸದ್ದಿಲ್ಲದೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಕೊನೆಗೆ ಯಾವ ಪಾಪವನ್ನೂ ಮಾಡದ ಒಂದು ಬೋಲ್ಟಿನ ಬುಡದಲ್ಲಿ ಹನಿಯಾಗಿ ತೊಟ್ಟಿಕ್ಕುತ್ತದೆ. ನೋಡಿದವರು ಆ ಬೋಲ್ಟನ್ನೇ ಹಿಡಿದು ಜಾಡಿಸುತ್ತಾರೆ. ಅದಕ್ಕೇ ಈ ಪೌಡರು. ಮೈ ತೊಳೆದು ಪುಡಿ ಹಾಕಿ ಓಡಿಸಿದರೆ, ಎಣ್ಣೆ ಮೊದಲು ಎಲ್ಲಿ ಕಣ್ಣು ಬಿಟ್ಟಿತೋ ಅಲ್ಲಿ ಬಿಳಿ ಕಪ್ಪಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆರಿಗೆಯ ನಂತರ ಮನೆಯಲ್ಲಿ ಉಳಿದಿದ್ದ ಒಂದು ಡಬ್ಬಿ ಪೌಡರು ಹೇಳಿಕೊಟ್ಟಿತ್ತು.

ಅವಳು ಕೆಲಸ ಮಾಡುತ್ತಿದ್ದ ಜಾಗ ಮನೆಗೂ ಸೇರಿದ್ದಲ್ಲ, ಅಂಗಡಿಗೂ ಸೇರಿದ್ದಲ್ಲ. ಮುಂದೆ ರಸ್ತೆಗೆ ಬಾಯಿ ತೆರೆದ ಗ್ಯಾರೇಜು, ಹಿಂದೆ ಅಡುಗೆಮನೆ, ಎರಡರ ನಡುವೆ ತಗಡಿನ ಮಾಡಿನ ಈ ಕೋಣೆ. ಗೋಡೆಯ ಮೇಲ್ಗಡೆ ಗೇಣಗಲದ ಕಿಟಕಿ. ಗಾಡಿಯ ಹೊಗೆ ಹೋಗಲೆಂದು ಅದರಲ್ಲಿ ಒಂದು ರಬ್ಬರ್ ಕೊಳವೆ ತೂರಿಸಿದ್ದರಿಂದ, ಹೊಗೆಗೆ ದಾರಿಯಾಗಿ ಬೆಳಕಿಗೆ ಇಲ್ಲದಾಗಿತ್ತು. ಗ್ಯಾರೇಜಿನ ಕಡೆಗೆ ಹಲಗೆಯ ಗೋಡೆ. ಅದರಾಚೆ ಆಡುವ ಮಾತೆಲ್ಲ ಇತ್ತ ಕೇಳುತ್ತದೆ. ಇತ್ತಲಿನ ಮಾತು ಅತ್ತ ಕೇಳಬಾರದು. ಹದಿನಾರು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದ ತಿಂಗಳೊಳಗೆ ಮಾವ ಹೇಳಿದ್ದರು: "ನಿನ್ನ ಕೈ ಚುರುಕಾಗಿದೆ ಕಣಮ್ಮ, ಕೂತು ಮಾಡು, ಯಾರು ಬೇಡ ಅಂತಾರೆ? ಆದ್ರೆ ಗಿರಾಕಿಗೆ ಕಾಣಬೇಕಾದ್ದು ಒಂದೇ ಕೈ. ಎರಡು ಕೈ ಕಂಡ್ರೆ ಯಾವುದನ್ನ ನಂಬಬೇಕು ಅಂತ ಅವನಿಗೆ ತಿಳಿಯಲ್ಲ." ಮಾವ ಈಗಿಲ್ಲ. ಆ ಮಾತು ಮಾತ್ರ ಹಲಗೆ ಗೋಡೆಯಂತೆ ಹಾಗೇ ನಿಂತಿದೆ.

ಈ ಗಾಡಿ ನರ್ಸಮ್ಮನದು. ಹೊರಬಡಾವಣೆಯ ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಂಡು ಬರುವವಳು. ಎರಡು ತಿಂಗಳಲ್ಲಿ ಮೂರನೇ ಸಲ ಗಾಡಿ ಸೋರುತ್ತಿದೆಯೆಂದು ಬಂದಿದ್ದಳು. ಬೆಳಗ್ಗೆ ಹಲಗೆಯಾಚೆ ಅವಳ ದನಿ ಎಂದಿನಂತೆ ನಗುತ್ತಿರಲಿಲ್ಲ.

"ಮೇಸ್ತ್ರಿಗಳೇ, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ಈ ಮೊಣಕೈ ನೋಡಿ. ನಿನ್ನೆ ತಿರುವಿನಲ್ಲಿ ಹಿಂದಿನ ಚಕ್ರ ಸೊಯ್ ಅಂತ ಜಾರ್ತು. ಎದ್ದು ನೋಡಿದ್ರೆ ಟಯರಿಗೆಲ್ಲ ಎಣ್ಣೆಸ್ನಾನ. ಹಿಂದೆ ಒಂದು ಲಾರಿ ಇದ್ದಿದ್ರೆ ಇವತ್ತು ನನ್ನನ್ನೇ ರಿಪೇರಿಗೆ ತರಬೇಕಿತ್ತು."

"ಛೇ, ಬಿಡ್ತು ಅನ್ನಿ ನರ್ಸಮ್ಮ. ಪ್ಯಾಕಿಂಗ್ ಮಾಲು ಈಗ ಸರಿ ಬರ್ತಿಲ್ಲ. ಇವತ್ತು ಗಟ್ಟಿ ಕೂರಿಸಿಕೊಡ್ತೀನಿ."

"ಹೋದ ಎರಡು ಸಲಾನೂ ಹೀಗೇ ಅಂದ್ರಿ. ನಾಲ್ಕು ಗಂಟೆಗೆ ಬರ್ತೀನಿ. ಆರಕ್ಕೆ ಒಬ್ಬಳ ಮನೇಲಿರಬೇಕು, ಚೊಚ್ಚಲ ಬಸುರಿ, ದಿನ ತುಂಬಿದೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ."

"ಆಗುತ್ತೆ ಅಂದ್ನಲ್ಲ."

ಗಾಡಿಯನ್ನು ಒಳಗೆ ತಳ್ಳಿಕೊಂಡು ಬಂದ ಗಂಡ ಸ್ಟ್ಯಾಂಡು ಹಾಕಿ, ಬಾಗಿಲು ಮುಂದೆ ಮಾಡಿ, ಹಲ್ಲು ಕಚ್ಚಿ ಹೇಳಿದ್ದ: "ಕೇಳಿಸ್ಕೊಂಡ್ಯಾ? ಹಾಲಿನವನ ಗಾಡಿ ಆಯ್ತು, ಪೇಪರಿನವನದಾಯ್ತು, ಈಗ ಇವಳದು ಮೂರನೇ ಸಲ. ನಿನ್ನ ಪ್ಯಾಕಿಂಗ್ ಕೈ ಕೆಟ್ಟಿದೆ ಕಣೇ. ಇದೂ ವಾಪಸ್ ಬಂತೋ, ನೀನು ಒಳಗೆ ಅಡುಗೆ ನೋಡ್ಕೋ, ನಾನು ಈ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಈ ಹೊಗೆಗೂಡಿನಲ್ಲಿ ಕೂತು ಸೊಂಟ ನೋಯಿಸಿಕೊಳ್ಳುವುದಕ್ಕಿಂತ ಅಡುಗೆಮನೆ ಲೇಸು ಎಂದು ಯಾರಾದರೂ ಅಂದಾರು. ಆದರೆ ಅಡುಗೆಮನೆಯಲ್ಲಿ ಅವಳು ಮಾಡಿದ್ದು ಗಂಟೆಯೊಳಗೆ ಕರಗಿಹೋಗುತ್ತದೆ. ಇಲ್ಲಿ ಅವಳು ಮುಚ್ಚಿದ ಎಂಜಿನ್ನು ಬೀದಿಬೀದಿ ಸುತ್ತುತ್ತದೆ. ತಾನು ಕಾಣದ ಬೀದಿಗಳಲ್ಲಿ.

ಪ್ಯಾಕಿಂಗ್ ಅಂದರೆ ಎರಡು ಲೋಹದ ಮುಖಗಳ ನಡುವೆ ಕೂರಿಸುವ ದಪ್ಪ ಕಾಗದ. ಹಾಳೆಯನ್ನು ಕವರಿನ ಅಂಚಿಗೆ ಒತ್ತಿ ಹಿಡಿದು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಆ ಆಕಾರಕ್ಕೆ ಕತ್ತರಿಸಬೇಕು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಎಣ್ಣೆ ಸಂದು ಹುಡುಕಿಕೊಳ್ಳುತ್ತದೆ. ಹಾಲಿನವನ ಗಾಡಿ ವಾಪಸು ಬಂದಾಗ ಅವಳೂ ತನ್ನ ಕೈಯನ್ನೇ ಅನುಮಾನಿಸಿದ್ದಳು. ಹಾಳೆ ಬದಲಿಸಿದಳು. ಹೊಸ ಸುತ್ತಿಗೆ ತರಿಸಿದಳು. ಎಂಜಿನ್ನು ಉಸಿರಾಡುವ ಗಾಳಿ ಕೊಳವೆ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿದೆಯೇನೋ ಎಂದು ಅದನ್ನೂ ಬಿಚ್ಚಿ ಊದಿ ನೋಡಿದಳು. ನರ್ಸಮ್ಮನ ಗಾಡಿ ಎರಡನೇ ಸಲ ಬಂದಾಗ, ಓಡುವಾಗಿನ ಅದುರಾಟಕ್ಕೆ ಬೋಲ್ಟೇ ಸಡಿಲವಾಗುತ್ತಿರಬಹುದೇ ಎಂಬ ಗುಮಾನಿಯಲ್ಲಿ ಇನ್ನೊಂದು ಕೆಲಸ ಮಾಡಿದ್ದಳು. ಎಲ್ಲ ಮುಚ್ಚಿ ಮುಗಿಸಿದ ಮೇಲೆ, ಸೂಜಿಯಿಂದ ಪ್ರತಿ ಬೋಲ್ಟಿನ ತಲೆಯ ಮೇಲಿಂದ ಕವರಿನ ಮೇಲಕ್ಕೆ ಒಂದೇ ನೇರದಲ್ಲಿ ಸಣ್ಣ ಗೀರು ಎಳೆದಿದ್ದಳು. ಬೋಲ್ಟು ಎತ್ತ ತಿರುಗಿದರೂ ಗೀರು ಎರಡು ತುಂಡಾಗಿ ಬೇರೆಬೇರೆ ಕಡೆ ನೋಡುತ್ತದೆ.

ಹಲಗೆಯಾಚೆ ಹಾಲಿನವನ ಗಂಟಲು ಕೇಳಿಸಿತು. ದಿನಾ ಈ ಹೊತ್ತಿಗೆ ಖಾಲಿ ಕ್ಯಾನು ಹೇರಿಕೊಂಡು ಹೋಗುವಾಗ ಒಂದು ಮಾತು ಬಿಸಾಡದೆ ಹೋಗುವವನಲ್ಲ.

"ಮೇಸ್ತ್ರಿ, ನನ್ನ ಎಮ್ಮೆ ಬೆಳಗ್ಗೆ ಸಾಯಂಕಾಲ ಎರಡೇ ಹೊತ್ತು ಕರೆಯೋದು. ನೀನು ರಿಪೇರಿ ಮಾಡಿಕೊಟ್ಟ ಗಾಡಿ ಮೂರು ಹೊತ್ತೂ ಕರೀತಿದೆಯಲ್ಲಪ್ಪ!"

"ನೀನು ಹಾಲಿಗೆ ಹಾಕೋದನ್ನೇ ಅದಕ್ಕೂ ಹಾಕಿರ್ತೀಯ. ಅದಕ್ಕೇ ತೆಳ್ಳಗಾಗಿ ಸೋರುತ್ತೆ."

"ಅದೂ ಹೋಗ್ಲಿ. ಈ ಗ್ಯಾರೇಜಿಗೆ ಬಿಟ್ಟ ಗಾಡಿ ಮಾತ್ರ ಮದುಮಗಳ ಹಾಗೆ ಘಮಘಮ ಅಂತ ಬರುತ್ತಲ್ಲ, ಅದೇನು ಗುಟ್ಟು? ಒಳಗೆ ಸಿಂಗಾರ ಮಾಡಿಸ್ತೀಯಾ?"

ಗಂಡ ನಕ್ಕ. "ನಮ್ಮಪ್ಪ ಹೇಳಿಕೊಟ್ಟ ಮದ್ದು ಅದು. ಹೇಳೋ ಹಾಗಿಲ್ಲ."

ಒಳಗೆ ಅವಳು ತಲೆ ತಗ್ಗಿಸಿಕೊಂಡು ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದಳು.

ಕಾಲು ಗಂಟೆಯಾಗಿತ್ತು. ಎಂಜಿನ್ ನಿಲ್ಲಿಸಿ ಟಾರ್ಚು ಹಿಡಿದು ಮಂಡಿಯೂರಿದಳು. ಬಿಳಿಯ ಮೇಲೆ ಕಪ್ಪು ಕಾಣಿಸಿಕೊಂಡಿತ್ತು, ಆದರೆ ಅವಳು ಅಂದುಕೊಂಡ ಹಾಗೆ ಒಂದು ಕಡೆಯಲ್ಲ. ಕವರು ಕೂಡುವ ಗೆರೆಯ ಉದ್ದಕ್ಕೂ, ಬೋಲ್ಟಿಗೂ ಬೋಲ್ಟಿಗೂ ನಡುವೆ, ಅಲ್ಲೊಂದು ಇಲ್ಲೊಂದು, ಬೆವರು ಒಸರಿದ ಹಾಗೆ. ಪ್ಯಾಕಿಂಗ್ ಹರಿದಿದ್ದರೆ ಒಂದೇ ಕಡೆ ಸೋರುತ್ತಿತ್ತು. ಇದು ಹರಿದದ್ದಲ್ಲ, ಒತ್ತಡ ಸಾಲದ್ದು. ಪುಡಿಯನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿ ಬೋಲ್ಟಿನ ತಲೆಗಳನ್ನು ನೋಡಿದಳು.

ಸೂಜಿಯ ಗೀರುಗಳು ನೆಟ್ಟಗಿದ್ದವು. ಹತ್ತಕ್ಕೆ ಹತ್ತೂ. ಒಂದೂ ಹಿಂದೆ ತಿರುಗಿರಲಿಲ್ಲ. ಅಂದರೆ ಅದುರಾಟಕ್ಕೆ ಸಡಿಲವಾಗಿರಲಿಲ್ಲ.

ಒಂದೂ ಮುಂದೆ ತಿರುಗಿರಲಿಲ್ಲ.

ಮುಂದೆ ತಿರುಗಿರಲೇಬೇಕಿತ್ತು.

ಈ ಗ್ಯಾರೇಜಿಗೆ ಹೆಸರು ಬಂದದ್ದೇ ಕೊನೆಯ ಸುತ್ತಿನಿಂದ. ಗಿರಾಕಿ ಬಂದು ನಿಂತಾಗ ಮೇಸ್ತ್ರಿ ಗಾಡಿಯ ಪಕ್ಕ ಮಂಡಿಯೂರಿ, ಅವನ ಕಣ್ಣೆದುರೇ ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ, ಹುಂ ಎಂದು ಒಂದು ಕೊನೆಯ ಸುತ್ತು ಕೊಡಬೇಕು. ಮಾವ ಶುರುಮಾಡಿದ್ದು. ಆ ಹುಂಕಾರ ಕೇಳಿದರೆ ಗಿರಾಕಿಗೆ ಜೀವಕ್ಕೆ ಜೀವ ಬಂದ ಹಾಗೆ. 'ಸಾಕು ಮೇಸ್ತ್ರಿ, ಸಾಕು' ಎನ್ನುವವರೆಗೆ ಅದು ಮುಗಿಯುತ್ತಿರಲಿಲ್ಲ. ಅಂಗಡಿ ಗಂಡನ ಕೈಗೆ ಬಂದ ಹೊಸದರಲ್ಲಿ ಅವಳು ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೋ ಅಷ್ಟೂ ಬಿಗಿದು ಕೊಡುತ್ತಿದ್ದಳು. ಅದರ ಮೇಲೆ ಗಂಡನ ಕೊನೆಯ ಸುತ್ತು ಬೀಳುತ್ತಿತ್ತು. ಬೋಲ್ಟು ಉಕ್ಕಿನದು, ಎಂಜಿನ್ನಿನ ಮೈ ಮೆತ್ತನೆಯ ಅಲ್ಯುಮಿನಿಯಂ. ಮೂರು ಎಂಜಿನ್ನಿನಲ್ಲಿ ಬೋಲ್ಟು ಕಚ್ಚಿಕೊಳ್ಳುವ ಮರೆ, ಆ ಸುರುಳಿ ಗೆರೆಗಳು, ಕಿತ್ತುಕೊಂಡು ಬಂದವು. ಮೂರು ಸಲವೂ ಬೈಸಿಕೊಂಡವಳು ಅವಳೇ. ಆಮೇಲೆ ಅವಳು ಒಂದು ಉಪಾಯ ಕಲಿತಳು. ಪ್ರತಿ ಬೋಲ್ಟಿನಲ್ಲೂ ಕಾಲು ಸುತ್ತು ಬಾಕಿ ಬಿಡುವುದು. ಗಂಡನ ಹುಂಕಾರಕ್ಕೆ ಎಷ್ಟು ಜಾಗ ಬೇಕೋ ಅಷ್ಟು. ಅವನು ತಿರುಗಿಸಿದಾಗ ಕೆಲಸ ಸರಿಯಾಗಿ ಮುಗಿಯುತ್ತಿತ್ತು. ಅಲ್ಲಿಂದಾಚೆ ಮರೆ ಕಿತ್ತುಹೋಗಲಿಲ್ಲ, ಎಣ್ಣೆ ಸೋರಲಿಲ್ಲ, ಮೇಸ್ತ್ರಿಯ ಕೈಗುಣ ಎಂದು ಊರು ಹೊಗಳಿತು. ಹದಿನೈದು ವರ್ಷ ಅವಳು ತನ್ನ ಕೆಲಸವನ್ನು ಒಂದು ದಿನವೂ ಪೂರ್ತಿ ಮಾಡಿರಲಿಲ್ಲ.

ಹೋದ ಸಲ ನರ್ಸಮ್ಮನ ಎದುರು ಗಂಡ ಹತ್ತು ಸಲ ಹುಂ ಎಂದದ್ದನ್ನು ಅವಳು ಹಲಗೆಗೆ ಕಿವಿಯಿಟ್ಟು ಕೇಳಿದ್ದಳು. ಹತ್ತು ಹುಂಕಾರ. ಒಂದು ಗೀರೂ ಅಲುಗಿಲ್ಲ.

ಊಟಕ್ಕೆ ಕೂತಾಗ ಅವಳು ಗಂಡನ ಕೈಯನ್ನು ನೋಡಿದಳು. ಬಹಳ ದಿನವಾಗಿತ್ತು ಹಾಗೆ ನೋಡಿ. ಬಲಗೈ ತೊಡೆಯ ಮೇಲೆ ಮಲಗಿತ್ತು. ನೀರಿನ ಜಗ್ಗನ್ನು ಎಡಗೈಯಲ್ಲಿ ಎತ್ತಿದ. ಯಾವಾಗಿನಿಂದ? ಅಂಗಿಯ ತೋಳಿನ ಗುಂಡಿ ಹಾಕಿರಲಿಲ್ಲ. ಸೆಖೆ ಅಂತ ಮಡಚಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಹೆಬ್ಬೆರಳಿನ ಬುಡದ ಮಾಂಸ, ಯಾವಾಗಲೂ ಉಬ್ಬಿಕೊಂಡಿರುತ್ತಿದ್ದದ್ದು, ಒಳಗಿನಿಂದ ಯಾರೋ ತೆಗೆದುಕೊಂಡ ಹಾಗೆ ತಗ್ಗಾಗಿತ್ತು. ಗಾಡಿಗೆ ಪೌಡರ್ ಹಾಕಿ ನೋಡುವವಳು, ಪಕ್ಕದಲ್ಲಿ ಮಲಗುವವನ ಕೈ ಬತ್ತಿದ್ದನ್ನು ನೋಡಿರಲಿಲ್ಲ.

"ರೀ, ಇದೊಂದು ಸ್ವಲ್ಪ ತೆಗೆದುಕೊಡಿ," ಎಂದು ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಅವನ ಮುಂದೆ ಇಟ್ಟಳು.

ಅವನು ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ. "ಎಂಜಿನ್ ಬಿಚ್ಚೋಳಿಗೆ ಡಬ್ಬಿ ಬಿಚ್ಚೋಕೆ ನಾನು ಬೇಕಾ?"

"ಕೈ ನೋಯ್ತಿದೆಯಾ ನಿಮಗೆ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಸ್ವಲ್ಪ ಜೋಮು ಹಿಡಿದ ಹಾಗಿದ್ರೆ ಡಾಕ್ಟರಿಗೆ..."

"ನನ್ನ ಕೈಗೆ ಏನೂ ಆಗಿಲ್ಲ." ಅವನು ತಟ್ಟೆ ಸರಿಸಿ ಎದ್ದ. "ನಿನ್ನ ಕೈ ನೀನು ನೋಡ್ಕೋ. ನಾಲ್ಕು ಗಂಟೆಗೆ ಗಾಡಿ ಸಿದ್ಧ ಇರಬೇಕು."

ಅವನು ಹೋದ ಮೇಲೆ ಆ ಡಬ್ಬಿಯನ್ನು ಅವಳೇ ತೆಗೆದು, ಅದರಿಂದ ಬೇಕಾದ್ದೇನೂ ಇಲ್ಲದ್ದರಿಂದ ಮತ್ತೆ ಮುಚ್ಚಿಟ್ಟಳು.

ಮಧ್ಯಾಹ್ನವಿಡೀ ಕೆಲಸ ಸಾಗಿತು. ಎಣ್ಣೆ ಇಳಿಸಿದಳು, ಕವರು ಬಿಚ್ಚಿದಳು, ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಚೂರೂ ಉಳಿಯದ ಹಾಗೆ ಕೆರೆದಳು, ಹೊಸ ಹಾಳೆ ತಟ್ಟಿ ಕತ್ತರಿಸಿದಳು. ಟಕ್ ಟಕ್ ಟಕ್. ತಗಡಿನ ಮಾಡು ಕಾದು ಬೆವರು ಕಣ್ಣಿಗಿಳಿಯುತ್ತಿತ್ತು. ಕೈ ತನ್ನ ಪಾಡಿಗೆ ತಾನು ದುಡಿಯುತ್ತಿದ್ದರೆ ತಲೆ ಒಂದೇ ಕಡೆ ಸುತ್ತುತ್ತಿತ್ತು. ಎಂದಿನಂತೆ ಕಾಲು ಸುತ್ತು ಬಿಟ್ಟರೆ ಗಾಡಿ ಸೋರುತ್ತದೆ. ನರ್ಸಮ್ಮ ಮತ್ತೆ ಬಿದ್ದಾಳು, ಈ ಸಲ ಲಾರಿಯೂ ಇದ್ದೀತು. ಪೂರ್ತಿ ಬಿಗಿದರೆ? ಗಂಡನ ಕೈಯಲ್ಲಿ ಒಂದು ಗಳಿಗೆ ಹಳೆಯ ಬಲ ಬಂದರೆ ಮರೆ ಕಿತ್ತುಕೊಂಡು ಬರುತ್ತದೆ, ಎಂಜಿನ್ನೇ ಹಾಳು. ಅವನಿಗೆ ಹೇಳೋಣವೆಂದರೆ ಬಾಯಿ ತೆರೆಯುವ ಮುಂಚೆಯೇ ಎದ್ದುಹೋಗುತ್ತಾನೆ. ಹೇಳಿಬಿಟ್ಟಳೇ ಅನ್ನಿ, ಕಾಲು ಸುತ್ತಿನ ವಿಷಯವನ್ನೂ ಹೇಳಬೇಕಾಗುತ್ತದೆ. ಹದಿನೈದು ವರ್ಷ ನಿಮ್ಮ ಹುಂಕಾರಕ್ಕೆ ನಾನೇ ಜಾಗ ಮಾಡಿಡುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಎತ್ತ ಹೊರಳಿದರೂ ಗೋಡೆ.

ಮೂರೂಕಾಲಿಗೆ ಕವರು ಕೂರಿಸಿ, ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಬಿಗಿಯುತ್ತ ಬಂದಳು. ಕೈ ಅಭ್ಯಾಸದಂತೆ ಕಾಲು ಸುತ್ತು ಬಾಕಿಯಿರುವಲ್ಲಿಗೆ ನಿಂತಿತು.

"ಅಲ್ಲಿಗೇ ನಿಲ್ಲಿಸಿದ್ಯಾ?"

ಅತ್ತೆ. ಅಡುಗೆಮನೆಯ ಹೊಸಿಲ ಮೇಲೆ ಕಾಲು ಚಾಚಿ ಕೂತಿದ್ದರು. ದಿನದ ಅರ್ಧ ಭಾಗ ಅವರು ಕೂರುವ ಜಾಗವೇ ಅದು. ಒಗೆದ ಬಟ್ಟೆ ಮಡಚುತ್ತಲೋ, ಏನಾದರೂ ಬಿಡಿಸುತ್ತಲೋ ಇರುತ್ತಾರೆ. ಕಣ್ಣು ಮಂಜಾಗಿದೆ ಎಂದು ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುವವರು.

"ಏನು ಅತ್ತೆ?"

"ಕಾಲು ಸುತ್ತು. ನೀನು ಬಿಡ್ತೀಯಲ್ಲ."

ಅವಳ ಕೈಯಲ್ಲಿದ್ದ ಸ್ಪ್ಯಾನರು ನೆಲಕ್ಕೆ ಬಿತ್ತು. ಅತ್ತೆ ನಕ್ಕರು, ಸದ್ದಿಲ್ಲದೆ, ಹೊಟ್ಟೆ ಮಾತ್ರ ಕುಣಿಯುವ ಹಾಗೆ.

"ನಿನಗೊಬ್ಬಳಿಗೇ ಬುದ್ಧಿ ಅಂದ್ಕೊಂಡಿದ್ಯಾ? ನಾನು ಇಲ್ಲಿ ಕೂತು ಬರೀ ಬಟ್ಟೆ ಮಡಚ್ತೀನಿ ಅಂತಲಾ? ಬಾ ಇಲ್ಲಿ, ಹತ್ತಿರ ಬಾ. ಹಲಗೆಗೆ ಕಿವಿ ಇದೆ."

ಅವಳು ಹೋಗಿ ಹೊಸಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅವನ ಕೈ ಹೋಗಿದೆ," ಅತ್ತೆ ಪಿಸುಗುಟ್ಟಿದರು. "ನಿಮ್ಮ ಮಾವನಿಗೂ ಹೀಗೇ ಶುರುವಾಗಿದ್ದು. ಇದೇ ಹೆಬ್ಬೆರಳು. ನನಗೆ ಯಾವಾಗ ಗೊತ್ತಾಯ್ತು ಗೊತ್ತಾ? ತಲೆ ಬಾಚಿಕೊಳ್ಳೋವಾಗ ಬಾಚಣಿಗೆ ಜಾರಿ ಬಿತ್ತು. ಬಗ್ಗಿ ತಗೊಳ್ಳಲೇ ಇಲ್ಲ. ಕಾಲಲ್ಲಿ ಮಂಚದ ಕೆಳಗೆ ತಳ್ಳಿಬಿಟ್ಟರು."

"ಆಗ ನೀವು ಏನ್ಮಾಡಿದ್ರಿ ಅತ್ತೆ?"

"ಏನ್ಮಾಡೋದು? ಅವರು ಮುಖ ತೊಳೆಯೋಕೆ ಹೋದಾಗ ಇಲ್ಲಿ ಬಂದು, ಎಲ್ಲಾ ಬೋಲ್ಟನ್ನೂ ಪೂರ್ತಿ ಬಿಗಿದುಬಿಡ್ತಿದ್ದೆ. ಸ್ಪ್ಯಾನರಿಗೆ ಜೋತುಬಿದ್ದು! ಆಮೇಲೆ ಅವರು ಗಿರಾಕಿ ಮುಂದೆ ಹುಂ ಅಂದ್ರೆ ಬೋಲ್ಟು ಅಲುಗ್ತಾನೇ ಇರಲಿಲ್ಲ. ಬಿಗಿಯಾಗಿದೆ ಅಂತ ಅವರಿಗೂ ಸಮಾಧಾನ, ಗಿರಾಕಿಗೂ ಸಮಾಧಾನ." ಅತ್ತೆ ಮಡಚಿದ ಟವೆಲನ್ನು ತೊಡೆಯ ಮೇಲೆ ತಟ್ಟಿ ನೇರ ಮಾಡಿದರು. "ಐದು ವರ್ಷ ಕಣೇ. ಐದು ವರ್ಷ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ನೀನು ಬಂದೆಯಲ್ಲ ಸೊಸೆಯಾಗಿ, ನಿನಗೆ ಗೊತ್ತಾಯ್ತಾ?"

ಅವಳು ತಲೆ ಅಲ್ಲಾಡಿಸಿದಳು. ಗೊತ್ತಾಗಿರಲಿಲ್ಲ. ಅವಳು ಬಂದ ಮರುವರ್ಷ ಮಾವ ಅಂಗಡಿಯನ್ನು ಮಗನಿಗೆ ಬಿಟ್ಟು ಮಂಚ ಹಿಡಿದಿದ್ದರು. ಆಗ ಎರಡು ಕೈಯೂ ಬಿದ್ದುಹೋಗಿದ್ದವು. ಅತ್ತೆ ತುತ್ತು ಮಾಡಿ ಬಾಯಿಗಿಡುತ್ತಿದ್ದದ್ದನ್ನು ಅವಳು ಕಂಡಿದ್ದಳು. ಡಾಕ್ಟರು ಬಂದವರು ಕತ್ತಿನ ಮೂಳೆ ಮುಟ್ಟಿ ನೋಡಿ, ನರ ಒತ್ತಿಕೊಂಡಿದೆ, ನಾಲ್ಕು ವರ್ಷ ಮೊದಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತಲ್ಲಮ್ಮ ಎಂದಾಗ, ಅತ್ತೆ ಬಾಗಿಲ ಹಿಂದೆ ನಿಂತು ಏನೂ ಮಾತಾಡಿರಲಿಲ್ಲ. ನಾಚಿಕೆಯಿಂದ ಎಂದು ಆಗ ತಿಳಿದಿದ್ದಳು.

"ಡಾಕ್ಟರು ಅಂದಿದ್ರಲ್ಲ ಅತ್ತೆ, ಮೊದಲೇ ತೋರಿಸಿದ್ರೆ ಅಂತ..."

"ಅಂತಾರೆ. ಅವರಿಗೇನು?" ಅತ್ತೆಯ ಮುಖದ ನಗು ಒಂದು ಗಳಿಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. "ತೋರಿಸೋಣ ಅಂದ್ರೆ, ಕೈಗೆ ಏನೋ ಆಗಿದೆ ಅಂತ ಅವರು ಮೊದಲು ಒಪ್ಪಬೇಕಿತ್ತಲ್ಲ. ನಾನು ಬಿಗಿದಿಡ್ತಿದ್ದೆ, ಅವರು ಸರಿಯಾಗೇ ಇದೀನಿ ಅಂದ್ಕೊಳ್ತಿದ್ರು."

ಹಾಗೆಂದು, ತಾನೇ ಆಡಿದ ಮಾತನ್ನು ಕೇಳಿಸಿಕೊಂಡವರಂತೆ, ಮಡಚಿದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದರು. ಆಮೇಲೆ ಸೊಸೆಯ ಗಲ್ಲಕ್ಕೆ ಅಂಟಿದ್ದ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದರು. ಹದಿನಾರು ವರ್ಷದಲ್ಲಿ ಅತ್ತೆ ಅವಳನ್ನು ಅಷ್ಟು ಮೃದುವಾಗಿ ಮುಟ್ಟಿದ್ದು ನೆನಪಿರಲಿಲ್ಲ.

"ಹೋಗು, ಅವನು ಬರೋದರೊಳಗೆ ಆ ಬಾಕಿ ಸುತ್ತನ್ನ ಮುಗಿಸು. ನರ್ಸಮ್ಮ ಬೀಳಲ್ಲ, ಅವನ ಮರ್ಯಾದೆ ಹೋಗಲ್ಲ, ನಿನ್ನ ಕೆಲಸಾನೂ ಉಳಿಯುತ್ತೆ. ಇನ್ನೇನು ಬೇಕು ಹೇಳು? ಹೆಂಗಸರಾದ ಮೇಲೆ ಇಷ್ಟು ಗೊತ್ತಿರಬೇಕು. ನಾಳೆ ನಿನ್ನ ಮಗನಿಗೆ ಹೆಂಡ್ತಿ ಬಂದ್ರೆ, ನೀನೂ ಇಲ್ಲೇ ಕೂತು ಹೇಳಿಕೊಡ್ತೀಯ."

ಆ ಕೊನೆಯ ಮಾತನ್ನು ಅತ್ತೆ ಹರಸುವ ಹಾಗೆ ಹೇಳಿದರು.

ಅವಳು ಎದ್ದು ಗಾಡಿಯ ಬಳಿ ಬಂದಳು. ಬಿದ್ದಿದ್ದ ಸ್ಪ್ಯಾನರ್ ತೆಗೆದುಕೊಂಡಳು. ಮೊದಲ ಬೋಲ್ಟಿಗೆ ಹಾಕಿದಳು. ಅತ್ತೆಯ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಎಲ್ಲರಿಗೂ ಒಳ್ಳೆಯದೇ. ಪೂರ್ತಿ ಬಿಗಿದ ಬೋಲ್ಟನ್ನು ಬತ್ತಿದ ಕೈ ಏನೂ ಮಾಡಲಾರದು. ಅವನು ಹುಂ ಎನ್ನುತ್ತಾನೆ, ಬೋಲ್ಟು ಅಲುಗುವುದಿಲ್ಲ, ತನ್ನ ಕೈ ಸರಿಯಾಗೇ ಇದೆ ಎಂದು ನಂಬಿಕೊಂಡು ಇನ್ನೊಂದು ವರ್ಷ ಕಳೆಯುತ್ತಾನೆ. ಆ ವರ್ಷದಲ್ಲಿ ಬೆರಳು ಹೋಗುತ್ತದೆ. ಮುಂದಿನ ವರ್ಷ ಮಣಿಕಟ್ಟು. ಅವಳು ಬಿಗಿಯುತ್ತಲೇ ಇರುತ್ತಾಳೆ, ದಿನಾ, ಅವನು ಮುಖ ತೊಳೆಯುವ ಹೊತ್ತಿಗೆ. ಆಮೇಲೆ ತುತ್ತು ಮಾಡಿ ಬಾಯಿಗಿಡುತ್ತಾಳೆ. ಆಮೇಲೆ ಆ ಹೊಸಿಲು.

ಕೋಣೆಯಲ್ಲಿ ಉಸಿರು ಕಟ್ಟಿದಂತಾಯಿತು. ಎಂಜಿನ್ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು, ಹೊಗೆಯೂ ಇರಲಿಲ್ಲ.

ಅವಳು ಸ್ಪ್ಯಾನರನ್ನು ತಿರುಗಿಸಲಿಲ್ಲ.

ಬೋಲ್ಟಿನಿಂದ ಬೋಲ್ಟಿಗೆ ಬೆರಳು ಓಡಿಸಿದಳು. ಹತ್ತೂ ಬೋಲ್ಟು, ಹತ್ತು ಕಾಲು ಸುತ್ತು, ಇಷ್ಟು ವರ್ಷ ಬಿಟ್ಟುಕೊಟ್ಟದ್ದು ಅಲ್ಲೇ ಬಾಕಿ ಇತ್ತು. ಅವನ್ನು ಇಲ್ಲಿ, ಈ ಕತ್ತಲಲ್ಲಿ, ಕದ್ದು ತಿರುಗಿಸುವುದಿಲ್ಲ. ನರ್ಸಮ್ಮ ಬರಲಿ. ಗಂಡ ಗಾಡಿ ತೆಗೆದುಕೊಳ್ಳಲು ಬಾಗಿಲು ತೆರೆಯಲಿ. ಹ್ಯಾಂಡಲನ್ನು ತಾನೇ ಹಿಡಿದು ಬೆಳಕಿಗೆ ತಳ್ಳಿಕೊಂಡು ಹೋಗುವುದು, ನರ್ಸಮ್ಮನ ಕಣ್ಣೆದುರು ಮಂಡಿಯೂರುವುದು, ಹತ್ತು ಬೋಲ್ಟಿಗೂ ತಾನೇ ಸ್ಪ್ಯಾನರ್ ಹಾಕುವುದು. ಹುಂ ಅನ್ನುವುದು ಬೇಕಾಗಿಲ್ಲ. ಅದು ಆಗದೆ ಈ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಗಂಡ ಏನೆಂದಾನು? ಅಲ್ಲಿ ಏನೂ ಅನ್ನಲಾರ. ಒಳಗೆ ಬಂದ ಮೇಲೆ ಅಂದಾನು, ಬಹಳ ಅಂದಾನು, ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ ಎಂದರೂ ಅಂದಾನು. ಅನ್ನಲಿ. ಕೈ ಮುಚ್ಚಿಡಲು ಜಾಗವಿಲ್ಲದಾದಾಗ ಡಾಕ್ಟರ ಮುಂದೆ ಚಾಚದೆ ಎಲ್ಲಿಗೆ ಹೋಗುತ್ತಾನೆ? ಗಾಡಿ ಕೇಳಿಕೊಂಡು ಬರುವವರು ನರ್ಸು ಬೇರೆ. ಆ ಹೆಬ್ಬೆರಳ ಬುಡವನ್ನು ಒಂದು ಸಲ ನೋಡಿದರೆ ಸಾಕು, ಆಕೆಗೆ ಪೌಡರ್ ಹಾಕಿ ತೋರಿಸಬೇಕಾಗಿಲ್ಲ.

ಅವಳು ಸ್ಪ್ಯಾನರನ್ನು ಬೋಲ್ಟಿನಿಂದ ತೆಗೆದಳು.

"ಆಯ್ತಾ?" ಹೊಸಿಲಿಂದ ಅತ್ತೆ ಕೇಳಿದರು. "ಪೂರ್ತಿ ಬಿಗಿದ್ಯಾ?"

"ಆಗುತ್ತೆ ಅತ್ತೆ," ಎಂದಳು.

"ಸರಿ ಹಾಗಾದ್ರೆ, ಕೈ ತೊಳ್ಕೊಂಡು ಬಾ. ಚಾ ಇಡ್ತೀನಿ, ನೀನೂ ಒಂದು ಲೋಟ ಕುಡಿ. ಮುಖ ನೋಡು, ಬಾಡಿ ಹೋಗಿದೆ."

"ಬಂದೆ."

ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಪಾತ್ರೆ ಸದ್ದಾಯಿತು. ಹಲಗೆಯಾಚೆ ಗಂಡ ಯಾರಿಗೋ ದಾರಿ ಹೇಳುತ್ತಿದ್ದ: ಎಡಕ್ಕೆ ತಿರುಗಿ, ಆಮೇಲೆ ಸೀದಾ. ಅವಳು ಗಾಡಿಗೆ ಎಣ್ಣೆ ತುಂಬಿ, ಸೀಟನ್ನೂ ಹ್ಯಾಂಡಲನ್ನೂ ಬಟ್ಟೆಯಿಂದ ಒರೆಸಿದಳು. ತೊಟ್ಟಿಯ ಹತ್ತಿರ ಹೋಗಿ ಸೋಪು ಎತ್ತಿಕೊಂಡವಳು, ಒಂದು ಗಳಿಗೆ ತನ್ನ ಕಪ್ಪು ಕೈಗಳನ್ನು ನೋಡಿ, ಸೋಪನ್ನು ಅಲ್ಲೇ ಇಟ್ಟಳು. ಸ್ಪ್ಯಾನರನ್ನು ಕೆಲಸಕ್ಕೆಂದು ಮೇಲೆ ತೊಟ್ಟಿದ್ದ ಅಂಗಿಯ ಜೇಬಿಗೆ ಇಳಿಸಿ, ಗಾಡಿಯ ಪಕ್ಕ ಬಂದು ಬಾಗಿಲ ಕಡೆ ಮುಖ ಮಾಡಿ ನಿಂತಳು.